ಸಾವುಕಾರರ ಹೆಸರಿನಲ್ಲಿ ಮೂರು ಬಾಟಲಿ ರಕ್ತ

ಸರಕಾರಿ ದವಾಖಾನೆಯ ಕಂಪೌಂಡರ್ ಆಗಿ ಔರಾದ, ಬೀದರ, ಭಾಲ್ಕಿ ಎಂದು ಇಡೀ ನೌಕರಿಯನ್ನು ಒಂದೇ ಜಿಲ್ಲೆಯಲ್ಲಿ ಮುಗಿಸಿದವನು ನಾನು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ‘ಅಜ್ಜಾರ, ನಿಮ್ಮ ಕಾಲದಾಗ ಹ್ಯಾಂಗಿತ್ತು ಹೇಳ್ರಿ’ ಎನ್ನುತ್ತಾರೆ. ಅವರು ಬರುವುದು ಚಹಾಕ್ಕೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಇರಬಹುದು. ಆದರೂ ಕೇಳಿದ ಮೇಲೆ ಹೇಳದೆ ಬಿಡುವ ಸ್ವಭಾವ ನನ್ನದಲ್ಲ. ಬಡ್ತಿಯ ಕಥೆ ಹೇಳುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ ಬಡ್ತಿ, ಅದೂ ನನ್ನ ಮುಂದಿದ್ದವನು ನಿವೃತ್ತನಾದದ್ದರಿಂದ. ನನ್ನ ಹತ್ತಿರ ಧಾರಾಳವಾಗಿ ಇರುವ ಸರಕೆಂದರೆ ತಪ್ಪುಗಳು. ಅವನ್ನೇ ಹೇಳುತ್ತೇನೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಂಪೌಂಡರನನ್ನು ನೋಡಿಯೇ ಹುಟ್ಟಿರಬೇಕು. ಡಾಕ್ಟರು ಚೀಟಿ ಬರೆದು ಕಳಿಸುತ್ತಾರೆ. ಔಷಧ ಸಿಗುವುದು ಮಾತ್ರ ಕಂಪೌಂಡರನ ಕಿಟಕಿಯಲ್ಲಿ. ಔರಾದದ ಆ ಕಿಟಕಿಯ ಹಿಂದೆ ಮೊದಲ ಸಲ ಬಿಳಿ ಕೋಟು ಹಾಕಿಕೊಂಡು ನಿಂತಾಗ ನನಗೆ ಇಪ್ಪತ್ತೆರಡು ವರ್ಷ. ದೊಡ್ಡ ಜಾಡಿಗಳಲ್ಲಿ ಜ್ವರದ ಕೆಂಪು ಔಷಧ, ಕೆಮ್ಮಿನ ಕಂದು ಔಷಧ ಕಲಸಿ ಇಡುತ್ತಿದ್ದೆವು. ಬಾಟಲಿಯನ್ನು ರೋಗಿಯೇ ತರಬೇಕು. ಬಾಟಲಿಯ ಮೈಗೆ ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಅಂಚಿನಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದೆ. ಒಂದು ಹಲ್ಲಿಗೆ ಒಂದು ಗುಟುಕು. ಆ ಪಟ್ಟಿ ಕತ್ತರಿಸುವುದರಲ್ಲಿ ನನ್ನ ಸಮಾನರಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲ.

ಒಂದು ದಿನ ಡಾಬಕಾ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಜ್ವರದ ಮಗುವನ್ನು ಬಗಲಲ್ಲಿ ಇಟ್ಟುಕೊಂಡು ನಡೆದು ಬಂದಳು. ಕೈಯಲ್ಲಿ ತಂಬಿಗೆಯಂಥ ಹಿತ್ತಾಳೆಯ ಚರಗಿ.

‘ಬಾಟ್ಲಿ ಎಲ್ಲಿ?’ ಎಂದೆ.

‘ಬಾಟ್ಲಿ ಇಲ್ಲರಿ. ಇದರಾಗೇ ಹಾಕ್ರಿ.’

‘ಚರಗ್ಯಾಗ ದವಾ ಕೊಡೋ ರೂಲ್ ಇಲ್ಲ. ಇದಕ್ಕ ಚೀಟಿ ಎಲ್ಲಿ ಅಂಟಿಸ್ಲಿ?’

‘ಚೀಟಿ ನನಗ ಯಾಕ ಬೇಕ್ರಿ? ಎಷ್ಟು ಗುಟುಕು ಅಂತ ಬಾಯಿಲೆ ಹೇಳ್ರಿ, ನೆಪ್ಪಿಟ್ಕೋತೇನಿ.’

ಇದಕ್ಕಿಂತ ಬುದ್ಧಿವಂತಿಕೆಯ ಮಾತನ್ನು ಆ ದವಾಖಾನೆಯಲ್ಲಿ ಆ ವಾರ ಯಾರೂ ಆಡಿರಲಿಲ್ಲ. ಆದರೆ ನಾನು ರೂಲಿನ ಮನುಷ್ಯ. ಅಂಗಡಿಗೆ ಹೋಗಿ ಬಾಟಲಿ ತಾ ಎಂದು ಕಳಿಸಿದೆ. ಅವಳು ಅಂಗಡಿಯ ತನಕ ಹೋಗಿ ಅದೇ ಚರಗಿ ಹಿಡಿದುಕೊಂಡು ತಿರುಗಿ ಬಂದು ಮೆಟ್ಟಿಲ ಮೇಲೆ ಕೂತಳು. ಕೊನೆಗೆ ನಮ್ಮ ಮುದಿ ಜವಾನ ನೋಡಲಾರದೆ ತನ್ನ ತಲೆಗೆಣ್ಣೆಯ ಖಾಲಿ ಬಾಟಲಿ ತಂದುಕೊಟ್ಟ. ತೊಳೆದೆ. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಪಟ್ಟಿ ಮಾತ್ರ ಬಹಳ ಚಂದ ಕೂತಿತು. ಆ ಮಗು ಕುಡಿದದ್ದು ಜ್ವರದ ಔಷಧವೋ ಕೂದಲಿನ ಔಷಧವೋ ಎಂದು ಜವಾನ ವರ್ಷವಿಡೀ ನನ್ನನ್ನು ಕಾಡಿದ. ಮಗು ಉಳಿಯಿತು. ಅದರ ತಾಕತ್ತು ದೊಡ್ಡದು. ಒಂದು ಖಾಲಿ ಬಾಟಲಿಯೂ ಇಲ್ಲದ ಮನೆ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಾನೇನು ಅರಮನೆಯಲ್ಲಿ ಹುಟ್ಟಿದವನಲ್ಲ. ಆದರೆ ಬಿಳಿ ಕೋಟು ಹಾಕಿದ ಮೇಲೆ ಮನುಷ್ಯ ಬಹಳ ಬೇಗ ಮರೆಯುತ್ತಾನೆ.

ಅಷ್ಟರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನನ್ನನ್ನು ಬೀದರಿನ ದವಾಖಾನೆಗೆ ವರ್ಗ ಮಾಡಿದರು. ಅಲ್ಲಿ ನನ್ನ ಮೇಲಿನವರು ಡಾಕ್ಟರ್ ಕರೀಮ ಸಾಹೇಬರು. ನಿಜಾಮರ ಕಾಲದಿಂದ ನೌಕರಿಯಲ್ಲಿದ್ದವರು, ಮಾತು ಕಡಿಮೆ, ಪಾನು ಹೆಚ್ಚು. ಅದುವರೆಗೆ ನಮ್ಮ ರಿಜಿಸ್ಟರುಗಳೆಲ್ಲ ಉರ್ದುವಿನಲ್ಲಿದ್ದವು. ಇನ್ನು ಕನ್ನಡದಲ್ಲಿ ಬರೆಯಬೇಕೆಂದು ಹುಕುಂ ಬಂತು. ನಾನು ಹಟ ಹಿಡಿದು ರೂಲುಪಟ್ಟಿ ಇಟ್ಟು ಗೆರೆ ಹೊಡೆದು ಮುತ್ತಿನಂಥ ಕನ್ನಡ ಅಕ್ಷರಗಳಲ್ಲಿ ಮೂರು ತಿಂಗಳ ರಿಜಿಸ್ಟರ್ ತಯಾರಿಸಿದೆ. ಮೈಸೂರು ಕಡೆಯಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಪುಸ್ತಕ ತೆರೆದರು. ಖಾಲಿ. ಇನ್ನೊಂದು ಹಾಳೆ ತಿರುವಿದರು. ಅದೂ ಖಾಲಿ. ‘ಮೂರು ತಿಂಗಳಿಂದ ಒಬ್ಬ ರೋಗಿಯೂ ಬಂದಿಲ್ಲವೇನಪ್ಪಾ?’ ಎಂದು ಕೇಳಿದರು.

ಉರ್ದು ಪುಸ್ತಕದ ಅಭ್ಯಾಸ, ಬಲಗಡೆಯಿಂದ ಶುರು. ನಾನು ಕನ್ನಡವನ್ನೂ ಪುಸ್ತಕದ ಹಿಂಬದಿಯಿಂದ ಬರೆಯುತ್ತಾ ಬಂದಿದ್ದೆ. ಕರೀಮ ಸಾಹೇಬರು ರಿಜಿಸ್ಟರನ್ನು ತಿರುಗಿಸಿ ಇಟ್ಟರು. ಮೈಸೂರು ಸಾಹೇಬರು ಅಕ್ಷರ ನೋಡಿ ಖುಷಿಯಾಗಿ, ‘ಬರವಣಿಗೆ ಬಹಳ ಚೆನ್ನಾಗಿದೆ’ ಎಂದು ಷರಾ ಬರೆದು ಹೋದರು. ಆ ಷರಾ ನನ್ನ ತಲೆ ಕೆಡಿಸಿತು. ಅಲ್ಲಿಂದ ಮುಂದೆ ನಾನು ಮನುಷ್ಯರ ಮುಖ ನೋಡುವುದನ್ನು ಬಿಟ್ಟು ರಿಜಿಸ್ಟರಿನ ಮುಖ ನೋಡತೊಡಗಿದೆ. ಮುಂದಿನ ಅನಾಹುತ ಹುಟ್ಟಿದ್ದು ಅದರಿಂದ.

ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಚೀನಾದೊಂದಿಗೆ ಲಡಾಯಿ ಶುರುವಾಯಿತು. ಹಿಮಾಲಯ ಎಲ್ಲಿ, ಬೀದರ ಎಲ್ಲಿ! ಆದರೂ ಊರು ಕಾವೇರಿತು. ದಿನಾ ಸಂಜೆ ರೇಡಿಯೋ ಇದ್ದ ಹೋಟೆಲಿನ ಮುಂದೆ ಜನ ನಿಲ್ಲುತ್ತಿದ್ದರು. ಸೈನಿಕರಿಗೆ ರಕ್ತ ಬೇಕೆಂದು ಕರೆ ಬಂತು. ನಮ್ಮ ದವಾಖಾನೆಯಲ್ಲಿ ರಕ್ತ ತೆಗೆಯಲು ಕೈ ಸಾಲದೆ, ನನ್ನನ್ನು ಕಲಬುರಗಿಗೆ ಎರಡು ವಾರ ಕಲಿಯಲು ಕಳಿಸಿದರು. ನಾನು ಕಲಿತು ಬಂದೆ ಎನ್ನುವುದಕ್ಕಿಂತ ಹೋಗಿ ಬಂದೆ ಎನ್ನುವುದು ಸತ್ಯಕ್ಕೆ ಹತ್ತಿರ. ನರ ಸಿಗಲು ನನಗೆ ಸಾಧಾರಣವಾಗಿ ಎರಡು ಸಲ ಚುಚ್ಚಬೇಕಾಗುತ್ತಿತ್ತು. ಆಗಿನ ಸೂಜಿಗಳೋ, ದನದ ಡಾಕ್ಟರೂ ಒಮ್ಮೆ ಯೋಚಿಸುವಷ್ಟು ದಪ್ಪ.

ಪ್ರತಿ ಗುರುವಾರ ಐಸಿನ ಪೆಟ್ಟಿಗೆ ಹೊತ್ತ ಜೀಪು ಬರುತ್ತಿತ್ತು. ಊರಿನ ಕಾಳಿನ ಮಾರುಕಟ್ಟೆಯಾದ ಗಾಂಧಿ ಗಂಜಿನ ಒಂದು ಗೋದಾಮಿನಲ್ಲಿ ನಾಲ್ಕು ಮಂಚ ಹಾಕಿ ಶಿಬಿರ ಮಾಡಿದೆವು. ಉದ್ದಿನ ಸುಗ್ಗಿಯ ದಿನಗಳು ಅವು. ಲಡಾಯಿಯ ಸುದ್ದಿಗೆ ಧಾರಣೆ ಏರಿ ಲಾರಿಗಳು ಸಾಲುಗಟ್ಟಿದ್ದವು. ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯ ಸಾವುಕಾರರಲ್ಲಿ ಯಾರ ಅಂಗಡಿಯಿಂದ ಹೆಚ್ಚು ರಕ್ತ ಹೋಗುತ್ತದೆ ಎಂಬ ಪೈಪೋಟಿ ಹುಟ್ಟಿತು. ಮೇಲಿನಿಂದ ಮೆಚ್ಚುಗೆಯ ಪತ್ರ ಬರುತ್ತದೆ ಎಂಬ ಸುದ್ದಿ ಅದಕ್ಕೆ ಇನ್ನಷ್ಟು ಗಾಳಿ ಹಾಕಿತು.

ಈಗ ಗಂಜಿನ ಒಂದು ರೂಢಿ ಹೇಳಬೇಕು. ಅಲ್ಲಿ ತಕ್ಕಡಿ, ಕೈಗಾಡಿ, ಖಾಲಿ ಚೀಲ, ಎಲ್ಲವೂ ಅಂಗಡಿಯ ಹೆಸರಿನಿಂದಲೇ ಗುರುತು. ಚೀಲ ಹೊರುವ ಹಮಾಲನೂ ಹಾಗೇ. ‘ಯಾರಂವ?’ ಎಂದರೆ ‘ಸಂಗಪ್ಪ ಸಾವ್ಕಾರ್ರಂವ’ ಎನ್ನುವರು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಶಿಬಿರಕ್ಕೆ ಸಾವುಕಾರರು ಬರಲಿಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಗುರುವಾರದ ಒಪ್ಪೊತ್ತು, ಒಬ್ಬರಿಗೆ ಸೂಜಿ ಕಂಡರೆ ತಲೆ ಸುತ್ತು. ಬಂದವರು ಹಮಾಲರು, ಜೊತೆಗೆ ಅಂಗಡಿಯ ಲೆಕ್ಕ ಬರೆಯುವ ಮುನೀಮರು. ಹಮಾಲ ಮಂಚದ ಮೇಲೆ ಮಲಗಿದರೆ ಮುನೀಮ ನನ್ನ ಮೇಜಿನ ಹತ್ತಿರ ನಿಂತು, ‘ಸಾವ್ಕಾರ್ರ ಹೆಸರು ಬರ್ಕೋರಿ’ ಎನ್ನುತ್ತಿದ್ದ. ನಾನು ಬರೆದುಕೊಂಡೆ. ಮುತ್ತಿನಂಥ ಅಕ್ಷರದಲ್ಲಿ, ಸರಿಯಾದ ಕಡೆಯಿಂದ ಶುರುಮಾಡಿ, ಸಾವುಕಾರರ ಹೆಸರು, ತಂದೆಯ ಹೆಸರು, ಅಂಗಡಿ. ಇದರಲ್ಲಿ ತಪ್ಪಿದೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ರಕ್ತ ತೆಗೆಯುವ ಮುಂಚೆ ಒಂದು ಪರೀಕ್ಷೆ ಇತ್ತು. ಮೈಲುತುತ್ತ ಕರಗಿಸಿದ ನೀಲಿ ನೀರಿನಲ್ಲಿ ಬೆರಳಿನ ಒಂದು ಹನಿ ರಕ್ತ ಬಿಡಬೇಕು. ಹನಿ ಮುಳುಗಿದರೆ ರಕ್ತ ಗಟ್ಟಿ, ತೆಗೆದುಕೊಳ್ಳಬಹುದು. ತೇಲಿದರೆ ಆ ಮನುಷ್ಯನನ್ನು ಮನೆಗೆ ಕಳಿಸಬೇಕು. ಮೂರನೆಯ ಗುರುವಾರ ಒಬ್ಬ ಹಮಾಲನ ಹನಿ ಮುಳುಗಲೂ ಇಲ್ಲ, ತೇಲಲೂ ಇಲ್ಲ. ನಡುವೆ ನಿಂತು ಯೋಚನೆ ಮಾಡಿತು. ಜೀಪಿನವರು ಅವಸರ ಮಾಡುತ್ತಿದ್ದರು. ಆ ದಿನದ ಬಾಟಲಿ ಹಿಂದಿನ ವಾರಕ್ಕಿಂತ ಕಡಿಮೆಯಾಗಿತ್ತು. ನಾನು ಗಾಜಿನ ಲೋಟವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಹನಿ ಮುಳುಗಿತು. ‘ಮಲಕೋ’ ಎಂದೆ.

ಅವನ ಮುಖ ನೋಡಿದೆನೇ ಎಂದರೆ, ನೋಡಲಿಲ್ಲ. ತಲೆಗೆ ರುಮಾಲು, ಮೈತುಂಬ ಉದ್ದಿನ ಧೂಳು, ಎಲ್ಲರೂ ಒಂದೇ ತರಹ ಎಂದು ನನ್ನ ಲೆಕ್ಕ. ರಕ್ತ ಕೊಟ್ಟವರಿಗೆ ಒಂದು ಲೋಟ ಬಿಸಿ ಹಾಲು, ಎರಡು ಬಾಳೆಹಣ್ಣು ಕೊಡುತ್ತಿದ್ದೆವು. ಅವನು ಹಾಲು ಕುಡಿಯದೆ ಅಲ್ಯುಮಿನಿಯಂನ ಒಂದು ಜರ್ಮನ್ ಡಬ್ಬಿಗೆ ಸುರಿದುಕೊಂಡು ಹೊರಟಾಗ ಮಾತ್ರ ಕಣ್ಣೆತ್ತಿ, ‘ಬಲೆ ಜಾಣ ಇದ್ದಿ ನೋಡು’ ಎಂದು ಹಾಸ್ಯ ಮಾಡಿದೆ. ಅವನು ನಕ್ಕು ಹೋದ.

ಎರಡು ದಿನದ ಮೇಲೆ ಒಬ್ಬ ಹಮಾಲನನ್ನು ಕೈಗಾಡಿಯ ಮೇಲೆ ಹಾಕಿ ದವಾಖಾನೆಗೆ ತಂದರು. ಲಾರಿಗೆ ಹಾಕಿದ ಹಲಗೆ ಏರುವಾಗ ಉದ್ದಿನ ಚೀಲದ ಸಮೇತ ಬಿದ್ದಿದ್ದ. ಹೆಸರು ಮಾಣಿಕ, ಜನವಾಡದವನು, ಗಂಜಿನ ಹಿಂದಿನ ಗಲ್ಲಿಯಲ್ಲಿ ಮನೆ. ಎಲುಬು ಮುರಿದಿರಲಿಲ್ಲ, ಸೊಂಟಕ್ಕೆ ಬಲವಾದ ಪೆಟ್ಟು. ಕರೀಮ ಸಾಹೇಬರು ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ‘ಮೈಯಾಗ ರಕ್ತನೇ ಇಲ್ಲಲ್ಲ ಇವಂಗ’ ಎಂದು ಗೊಣಗಿದರು. ನಾನು ಟಿಂಚರ್ ಹಚ್ಚಿ ನನ್ನ ಕಿಟಕಿಗೆ ಹೋದೆ. ಅವನು ಯಾರೆಂದು ಆಗಲೂ ನನಗೆ ಹೊಳೆಯಲಿಲ್ಲ.

ಮರುದಿನ ಅವನ ಹೆಂಡತಿ ಸುಂದರಬಾಯಿ ಕಿಟಕಿಗೆ ಬಂದಳು. ತಲೆಗೆ ಬಟ್ಟೆ ಕಟ್ಟಿದ ಬಾಣಂತಿ, ಎದೆಗೆ ಅವುಚಿಕೊಂಡ ಕೂಸು.

‘ಕಂಪೌಂಡರ್ ಸಾಹೇಬ್ರ, ನಮ್ಮಂವ ರಕ್ತ ಕೊಟ್ಟಾನಂತ ಒಂದು ಚೀಟಿ ಬರದು ಕೊಡ್ರಿ.’

‘ಯಾಕ ಬೇಕು?’

‘ಶೇಂದಿ ಕುಡದು ಬಿದ್ದಾನಂತ ಟೋಳ್ಯಾಗ ಸುದ್ದಿ ಆಗ್ಯಾದ್ರಿ. ಕುಡದು ಬಿದ್ದರ ಟೋಳಿಯಿಂದ ತೆಗೀತಾರ. ಬ್ಯಾನಿಯಿಂದ ಬಿದ್ದರ ಜಾಗಾ ಇಡ್ತಾರ. ಅಂವ ಮೂರು ಸಲ ರಕ್ತ ಕೊಟ್ಟಾನ್ರಿ. ಅದಕ್ಕೇ ಬಿದ್ದಾನ. ಅಂವ ಹೇಳಿದ್ರ ಯಾರೂ ನಂಬಲ್ರು.’

ಟೋಳಿ ಎಂದರೆ ಹಮಾಲರ ಗುಂಪು, ಅದರ ಕಾನೂನು ಸರಕಾರದ ಕಾನೂನಿಗಿಂತ ಗಟ್ಟಿ. ಕುಡಿದು ಚೀಲ ಹೊತ್ತವನು ತಾನೂ ಬೀಳುತ್ತಾನೆ, ಹಿಂದಿನವನನ್ನೂ ಕೆಡವುತ್ತಾನೆ. ಅದಕ್ಕೆ ಅವರು ಕ್ಷಮೆ ಇಟ್ಟಿರಲಿಲ್ಲ. ಟೋಳಿಯಿಂದ ಹೊರಗೆ ಹಾಕಿಸಿಕೊಂಡವನಿಗೆ ಇಡೀ ಗಂಜಿನಲ್ಲಿ ಯಾರೂ ಚೀಲ ಮುಟ್ಟಿಸುತ್ತಿರಲಿಲ್ಲ. ಅವಳ ಮನೆಯ ಒಲೆ ಉರಿಯುವುದೋ ಆರುವುದೋ ಎಂಬುದು ಆ ಚೀಟಿಯ ಮೇಲೆ ನಿಂತಿತ್ತು.

ನಾನು ಏನು ಮಾಡಿದೆ? ರಿಜಿಸ್ಟರ್ ತೆಗೆದೆ. ಮೂರು ಗುರುವಾರದ ಹಾಳೆಗಳ ಮೇಲೆ ಬೆರಳಾಡಿಸಿದೆ. ಮಾಣಿಕ ಎಂಬ ಹೆಸರು ಎಲ್ಲೂ ಇರಲಿಲ್ಲ. ‘ರೆಕಾರ್ಡಿನಾಗ ಇಲ್ಲವಾ’ ಎಂದೆ.

‘ನಿಮ್ಮ ಕೈಲೇ ತಗೊಂಡೀರಿ. ನಿಮಗ ಗೊತ್ತಿಲ್ಲೇನ್ರಿ?’

‘ರೆಕಾರ್ಡಿನಾಗ ಇಲ್ಲದ್ದು ನಾ ಹ್ಯಾಂಗ ಬರೀಲಿ?’

ಅವಳು ಜಗಳ ಮಾಡಲಿಲ್ಲ. ಅಳಲೂ ಇಲ್ಲ. ಹೋಗಿ ವರಾಂಡದಲ್ಲಿ ಕಂಬಕ್ಕೆ ಒರಗಿ ಕೂಸಿಗೆ ಹಾಲೂಡಿಸುತ್ತಾ ಕೂತಳು. ನಾನು ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿದೆ. ಪಕ್ಕದಲ್ಲಿ ಹಾಲಿನ ಲೋಟ ಇತ್ತು. ಅದನ್ನು ನೋಡಿದ ಕೂಡಲೇ ಜರ್ಮನ್ ಡಬ್ಬಿ ನೆನಪಾಯಿತು, ಅದನ್ನು ಹಿಡಿದ ಕೈ ನೆನಪಾಯಿತು, ನೀರಿನ ನಡುವೆ ನಿಂತ ಹನಿಯೂ ನೆನಪಾಯಿತು. ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದೆ.

ಕರೀಮ ಸಾಹೇಬರ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಲೋಟ ತಟ್ಟಿದ್ದನ್ನೂ ಹೇಳಿದೆ. ಅವರು ಪಾನು ಉಗಿದು ಬಂದು, ‘ಅರೆ ಮಿಯಾ, ರಿಜಿಸ್ಟರ್ ಬಿಡು. ತೋಳು ನೋಡೋಣ ನಡಿ’ ಎಂದರು.

ಮಾಣಿಕನ ಅಂಗಿಯ ತೋಳು ಮೇಲೇರಿಸಿದೆವು. ಮೊಣಕೈ ಒಳಗಡೆ ಸೂಜಿಯ ಗುರುತುಗಳು. ಒಂದು ಹೊಸದು, ಕಪ್ಪಗೆ ಬಾತದ್ದು. ಉಳಿದವು ಒಣಗುತ್ತಿದ್ದವು. ಎಣಿಸಿದರೆ ಐದು.

‘ಮೂರು ಸಲ ಅಂದಿ. ಐದು ಹ್ಯಾಂಗ?’ ಎಂದು ಸಾಹೇಬರು ನನ್ನನ್ನು ಕೇಳಿದರು.

‘ಎರಡು ಸಲ ನರ ತಪ್ಪಿರಬೇಕು, ಸಾಹೇಬ.’

‘ಭೇಷ್. ನಿನ್ನ ಅಕ್ಷರ ಸುಳ್ಳು ಹೇಳ್ಯಾದ, ನಿನ್ನ ದಡ್ಡ ಕೈ ಖರೆ ಹೇಳ್ಯಾದ.’

ಮಾಣಿಕ ನಕ್ಕ. ನಗುವಾಗ ಸೊಂಟ ಹಿಡಿದುಕೊಂಡ. ನಾನು ಅವನ ಮುಖವನ್ನು ಸರಿಯಾಗಿ ನೋಡಿದ್ದು ಆಗ. ಇಪ್ಪತ್ತೈದು ದಾಟಿರಲಿಲ್ಲ.

‘ಮೂರು ಸಲ ಯಾಕ ಬಂದಿ?’ ಎಂದು ಕೇಳಿದೆ.

‘ಮೊದಲನೇ ಸಲ ಸಂಗಪ್ಪ ಸಾವ್ಕಾರ್ರು ಕಳಿಸಿದ್ರಿ. ನಾ ಸೂಜಿಗಿ ಅಂಜಲ್ಲಂತ ಗೊತ್ತಾಗಿ ಮತ್ತ ಇಬ್ಬರು ಸಾವ್ಕಾರ್ರು ಒಯ್ದ್ರು. ಬ್ಯಾರೆ ಹಮಾಲ್ರು ಅಂಜಿ ಓಡ್ತಿದ್ರು.’ ವರಾಂಡದ ಕಡೆ ಕಣ್ಣು ತೋರಿಸಿ, ‘ಮನ್ಯಾಗ ಇಕಿ ಬಾಣಂತಿರಿ. ಹಾಲು ಸಿಗ್ತಿತ್ತು’ ಎಂದ.

ಅವನೇ ಮುಂದುವರಿಸಿದ: ‘ಅದಕ್ಕಿಂತ ಮುಂಚೆ ಭಾಲ್ಕಿಗಿ ಫೌಜಿನ ಭರ್ತಿಗಿ ಹೋಗಿದ್ನಿರಿ. ಫೌಜಿನವರು ಎದಿ ಅಳದ್ರು, ತೂಕ ಮಾಡಿದ್ರು. ತೂಕ ಕಮ್ಮಿ ಅದ, ಹೋಗು ಅಂದ್ರು. ಕುಂಟಲ್ ಚೀಲ ಹೊರೋ ನನಗ ತೂಕಿಲ್ಲಂತ ನೋಡ್ರಿ.’

ಯುದ್ಧ ಎಂದರೆ ಗಡಿಯಲ್ಲಿ ನಡೆಯುವುದು ಎಂದು ತಿಳಿದವನು ನಾನು. ಈ ಮನುಷ್ಯನಿಗೆ ಯುದ್ಧ ಬಂದಾಗ ಉದ್ದಿನ ಧಾರಣೆ ಏರಿತು, ಹೊಟ್ಟೆಗೆ ಹಾಕುವುದು ಇಳಿಯಿತು, ಬೆನ್ನ ಮೇಲಿನ ಚೀಲ ಹೆಚ್ಚಿತು. ಬಂದೂಕು ಹಿಡಿಯಲು ಮೈ ಸಾಲದು ಎಂದು ತಿರುಗಿಸಿ ಕಳಿಸಿದ ಅದೇ ಮೈಯಿಂದ ಮೂರು ಬಾಟಲಿ ರಕ್ತ ತೆಗೆದವನು ನಾನು. ಅವನು ಬಿದ್ದಾಗ ಕುಡುಕ ಎನ್ನಿಸಿಕೊಳ್ಳಲು ಬೇಕಾದ ಸಾಕ್ಷಿಯನ್ನೂ ನಾನೇ ಚಂದದ ಅಕ್ಷರದಲ್ಲಿ ಬರೆದಿಟ್ಟಿದ್ದೆ. ನನಗೆ ಬಹಳ ನಾಚಿಕೆಯಾಯಿತು.

‘ಚೀಟಿ ಬರೀರಿ, ಸಾಹೇಬ, ನಾ ಒಯ್ದು ಕೊಡ್ತೇನಿ’ ಎಂದೆ.

‘ಟೋಳಿಯಾಗ ಚೀಟಿ ಓದೋರು ಯಾರಿದಾರ? ಮುನೀಮರು ಓದ್ತಾರ, ತಮಗ ಬೇಕಾದಂಗ ಓದ್ತಾರ. ನೀನೇ ಹೋಗು. ಬಾಯಿಲೆ ಹೇಳಿ ಬಾ.’

ಆ ರಾತ್ರಿ ನಾನು ಧೈರ್ಯಶಾಲಿಯಂತೆ ನಿರ್ಧಾರ ಮಾಡಿದೆ ಎಂದು ಬರೆಯುವ ಆಸೆಯಿದೆ. ನಿಜ ಹೇಳಬೇಕೆಂದರೆ, ರಜೆ ಚೀಟಿ ಬರೆದಿದ್ದೆ. ಹೊಟ್ಟೆನೋವು ಎಂದು. ಸಾವುಕಾರರ ಎದುರು ಹಾಕಿಕೊಂಡರೆ ನೌಕರಿಗೆ ಸಂಚಕಾರ ಎಂಬ ಹೆದರಿಕೆ. ಹೆಂಡತಿ ಆ ಚೀಟಿ ನೋಡಿ, ‘ನಿಮ್ಮ ಹೊಟ್ಟಿ ಚಂದ ಅದ. ಎದ್ದು ಹೋಗ್ರಿ’ ಎಂದು ಕೋಟು ಕೈಗೆ ಕೊಟ್ಟಳು.

ಬೆಳಗ್ಗೆ ಕಾಳು ಹರಾಜು ಹಾಕುವ ಸವಾಲು ಶುರುವಾಗುವ ಮುಂಚೆ ಗಂಜಿಗೆ ಹೋದೆ. ಸಂಗಪ್ಪ ಸಾವುಕಾರರ ಅಂಗಡಿಯ ಕಟ್ಟೆಯ ಮೇಲೆ ಟೋಳಿಯ ಹಮಾಲರು ಬೀಡಿ ಹಚ್ಚಿಕೊಂಡು ಕೂತಿದ್ದರು. ಟೋಳಿಯ ಯಜಮಾನನಾದ ಮುಕಾದಮ ಖಾಜಾಮಿಯಾ, ನರೆಗಡ್ಡದ ಮುದುಕ. ಸಾವುಕಾರರು ಗಾದಿಯ ಮೇಲೆ. ನಾನು ಗಂಟಲು ಸರಿಮಾಡಿಕೊಂಡು, ‘ದಿನಾಂಕ ಇಂಥಾದ್ದರಿಂದ ನಡೆದ ಶಿಬಿರಗಳಲ್ಲಿ ನೋಂದಣಿಯ ವಿಷಯವಾಗಿ’ ಎಂದು ಆಫೀಸಿನ ಭಾಷೆಯಲ್ಲಿ ಶುರುಮಾಡಿದೆ. ಮುಕಾದಮ ಕೈ ಎತ್ತಿದ.

‘ಸಾಫ್ ಹೇಳ್ರಿ ಸಾಬ್. ಅಂವ ಕುಡದಿದ್ದನೋ ಇಲ್ಲೋ?’

‘ಕುಡದಿದ್ದಿಲ್ಲ’ ಎಂದೆ. ಮುಂದಿನದು ಒಂದೇ ಉಸಿರಿಗೆ ಬಂತು: ‘ಮೂರು ವಾರದಾಗ ಮೂರು ಬಾಟ್ಲಿ ರಕ್ತ ನಾನೇ ತಗದೀನಿ. ಒಮ್ಮೆ ತಗದ ಮ್ಯಾಲ ತಿಂಗಳುಗಟ್ಟಲೆ ಮುಟ್ಟಬಾರ್ದು. ಸಾವ್ಕಾರ್ರ ಹೆಸರು ಬರದೆ, ಅವನ ಹೆಸರು ಕೇಳಲಿಲ್ಲ. ತಪ್ಪು ನಂದು.’

ಸಂಗಪ್ಪ ಸಾವುಕಾರರು ಗಾದಿಯಿಂದ ಎದ್ದರು. ಬೈಯುತ್ತಾರೆಂದುಕೊಂಡೆ. ಅವರಿಗೆ ನಿಜವಾಗಿಯೂ ಗಾಬರಿಯಾಗಿತ್ತು. ‘ಅಲ್ರಿ, ನಮ್ಮ ಹಮಾಲ ಕೊಟ್ರ ನಾವು ಕೊಟ್ಟಂಗೇ ಅಲ್ಲೇನ್ರಿ? ನಮ್ಮ ಗಾಡಿ ಹೋದ್ರ ನಾವು ಕಳಿಸಿದಂಗೇ ಅಲ್ಲೇನು?’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಯೇ ನಂಬಿದ್ದರು. ಮೂರು ವಾರ ನಾನೂ ಹಾಗೆಯೇ ನಂಬಿದ್ದೆನಲ್ಲ, ಅವರನ್ನು ಬೈಯಲು ನನಗೆ ಬಾಯಿ ಎಲ್ಲಿ?

ಖಾಜಾಮಿಯಾ ಬೀಡಿ ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಂಡ. ‘ಹೆಸರು ಸಾವ್ಕಾರ್ರದು, ರಕ್ತ ಮಾಣಿಕಂದು, ಬೈಗಳೂ ಮಾಣಿಕಂಗೇ. ಚಂದ ಹಂಚಿಕೊಂಡೀರಿ’ ಎಂದ. ಆಮೇಲೆ ತನ್ನವರ ಕಡೆ ತಿರುಗಿ, ‘ಮಾಣಿಕನ ಜಾಗಾ ಹಂಗೇ ಇರ್ತದ. ಅಂವ ಏಳೂತನ ಅವನ ಪಾಳಿ ನಾವು ಹೊರ್ತೇವಿ’ ಎಂದ. ಯಾರೂ ಎದುರಾಡಲಿಲ್ಲ. ಸವಾಲಿನ ಗಂಟೆ ಹೊಡೆಯಿತು, ಎಲ್ಲರೂ ಎದ್ದು ಹೋದರು. ನನಗೆ ಕೂಡಲು ಹೇಳಿದವರಿಲ್ಲ, ನಾನೂ ಬಂದೆ.

ಆ ದಿನವೇ ರಿಜಿಸ್ಟರಿನಲ್ಲಿ ಮೂರು ಕಡೆ ಸಾವುಕಾರರ ಹೆಸರಿನ ಮೇಲೆ ಗೆರೆ ಹೊಡೆದು ಮಾಣಿಕ ಎಂದು ಬರೆದೆ. ಕರೀಮ ಸಾಹೇಬರು ಪಕ್ಕದಲ್ಲಿ ಸಹಿ ಹಾಕಿದರು. ಉಳಿದ ಹಮಾಲರ ಹೆಸರುಗಳನ್ನು ಹುಡುಕಿ ಹಾಕಲು ಮುನೀಮರನ್ನು ಕೇಳುತ್ತಾ ತಿರುಗಿದೆ. ಅರ್ಧ ಸಿಕ್ಕವು, ಅರ್ಧ ಸಿಗಲಿಲ್ಲ. ಸರಕಾರಿ ದಾಖಲೆಯನ್ನು ತಿದ್ದಿ ಕೆಡಿಸಿದ್ದಕ್ಕೆ ಮೇಲಿನಿಂದ ಮೆಮೋ ಬಂತು. ಅದರ ಬೆನ್ನಿಗೇ ಭಾಲ್ಕಿಗೆ ವರ್ಗದ ಹುಕುಂ. ಬರವಣಿಗೆ ಚೆನ್ನಾಗಿದೆ ಎಂಬ ಷರಾ ಪಡೆದ ಮನುಷ್ಯನಿಗೆ, ರಿಜಿಸ್ಟರ್ ಗಲೀಜು ಮಾಡಿದ್ದಾನೆ ಎಂಬ ಷರಾ!

ಭಾಲ್ಕಿಯಲ್ಲಿ ನಾನು ಇನ್ನೂ ಎರಡು ಲಡಾಯಿ ಕಂಡೆ, ಇನ್ನಷ್ಟು ಶಿಬಿರ ಮಾಡಿದೆ. ಪ್ರತಿಯೊಬ್ಬನ ಮುಖ ನೋಡಿ ಹೆಸರು ಕೇಳಿ, ತೋಳಿನ ಗುರುತು ನೋಡಿ, ಬೆಳಗ್ಗೆ ಏನು ಉಂಡಿದ್ದೀ ಎಂದು ಕೇಳಿ, ಆಮೇಲೆ ಸೂಜಿ ಹಿಡಿಯುತ್ತಿದ್ದೆ. ಒಬ್ಬ ಸಾವುಕಾರರು ನಾಲ್ಕು ಜನರನ್ನು ಕಳಿಸಿದರೆ, ‘ಸಾವ್ಕಾರ್ರನ್ನೂ ಕರ್ಕೊಂಡು ಬರ್ರಿ’ ಎಂದು ಹೇಳಿ ಕಳಿಸುತ್ತಿದ್ದೆ. ಅದರಿಂದ ನಮ್ಮ ಶಿಬಿರ ಜಿಲ್ಲೆಯಲ್ಲೇ ಅತಿ ನಿಧಾನದ್ದು ಎಂಬ ಹೆಸರು ಪಡೆಯಿತು. ನೀವು ಹೊಸಬರು. ಈಗ ನಿಮಗೆ ಯಂತ್ರಗಳಿವೆ, ಹನಿ ಮುಳುಗುವುದನ್ನು ಕಾಯಬೇಕಾಗಿಲ್ಲ. ಹೆಸರು ಕೇಳುವ ಕೆಲಸ ಮಾತ್ರ ಇನ್ನೂ ನಿಮ್ಮದೇ.

ಬೀದರ ಬಿಡುವ ಮುಂಚಿನ ದಿನದ್ದು ಒಂದು ಮಾತು ಉಳಿದಿದೆ. ದೊಡ್ಡ ಕಾಗದದಲ್ಲಿ ನನ್ನ ಕೈಯಿಂದಲೇ ಒಂದು ಮೆಚ್ಚುಗೆಯ ಪತ್ರ ಬರೆದು, ಕರೀಮ ಸಾಹೇಬರ ಸಹಿ ಹಾಕಿಸಿ, ಮಾಣಿಕನ ಮನೆಗೆ ಒಯ್ದೆ. ಒಂದೇ ಕೋಣೆಯ ಮನೆ. ಮಾಣಿಕ ಗೋಡೆಗೆ ಒರಗಿ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದ. ಎದ್ದು ಓಡಾಡುತ್ತಿದ್ದ, ಆದರೆ ಚೀಲ ಹೊರುವ ಸೊಂಟ ಉಳಿದಿರಲಿಲ್ಲ. ಟೋಳಿಯವರೇ ಅವನಿಗೆ ಆ ಕೆಲಸ ಕೊಟ್ಟಿದ್ದರು. ಸುಂದರಬಾಯಿ ಚಹಾ ಕೊಟ್ಟು, ‘ಓದ್ರಿ, ಏನು ಬರದೀರಿ ಕೇಳೋಣು’ ಎಂದಳು.

ಓದಿದೆ. ದೇಶದ ಸೈನಿಕರಿಗಾಗಿ ಮಾಣಿಕ ಎಂಬುವರು ಮೂರು ಸಲ ರಕ್ತ ನೀಡಿದ್ದಾರೆ ಎಂದು. ಓದುವಾಗ ನನ್ನ ಸ್ವರ ಸ್ವಲ್ಪ ಏರಿತ್ತು. ಆ ಪತ್ರದಿಂದ ಏನೋ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ.

‘ಅದು ಹೋಗಿದ್ದು ಸಾವ್ಕಾರ್ರ ಹೆಸರಿಲೆ ಅಲ್ಲೇನ್ರಿ?’ ಎಂದು ಮಾಣಿಕ ನಕ್ಕ. ‘ಯಾರೋ ಸಿಪಾಯಿ ಉಳದಿದ್ರ ಸಂಗಪ್ಪ ಸಾವ್ಕಾರ್ರಿಗಿ ದುವಾ ಮಾಡ್ತಿರ್ತಾನ.’

ಸುಂದರಬಾಯಿ ನಗಲಿಲ್ಲ. ‘ಖರೇನೇ ಸಿಪಾಯಿಗಿ ಮುಟ್ಟ್ಯಾದೇನ್ರಿ ಅದು?’ 

‘ಮುಟ್ಟಿರ್ತದವಾ. ಅದಕ್ಕೇ ಒಯ್ದಾರ.’

‘ಆ ಸಿಪಾಯಿಗೋಳು ಯಾರ ಮಕ್ಕಳು ಇರ್ತಾರ್ರಿ? ಇಲ್ಲಿ ಗಂಜಿನಾಗಿಂದ ಒಬ್ಬ ಸಾವ್ಕಾರ್ರ ಮಗನೂ ಹೋಗಿದ್ದು ನಾ ನೋಡಿಲ್ಲ.’

‘ಹಳ್ಳಿ ಹುಡುಗ್ರು. ಬಡವರ ಮಕ್ಕಳೇ ಹೆಚ್ಚು’ ಎಂದೆ.

ಅವಳು ಕೂಸಿನ ತಲೆ ಸವರಿದಳು. ಆಮೇಲೆ ಗಂಡನ ಕಡೆ ತಿರುಗಿ, ಅವನಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು:

‘ಹಂಗಾರ ಹೋಗ್ಲಿ ಬಿಡು. ಮನಿದು ಮನ್ಯಾಗೇ ಉಳೀತು.’

ಸಾವುಕಾರರ ಮನೆಯಿಂದ ಒಂದು ಹನಿ ಹೋಗಿರಲಿಲ್ಲ. ಅಷ್ಟು ಜನರ ತೋಳು ಚುಚ್ಚಿದ ನಾನು, ನನ್ನ ತೋಳನ್ನು ಯಾವ ಗುರುವಾರವೂ ಚಾಚಿರಲಿಲ್ಲ. ಕಾಗದವನ್ನು ಮಡಚಿ ಅವಳ ಪಕ್ಕದಲ್ಲಿಟ್ಟೆ. ಚಹಾ ಮುಗಿಯುವ ತನಕ ನಾನು ತಲೆ ಎತ್ತಲಿಲ್ಲ.